ಕಾಳುಮೆಣಸಿಗೆ ಟ್ರೈಕೋಡರ್ಮ: ಹಲವು ಮಳೆಗಾಲಗಳ ಬಳಕೆಯ ಬಳಿಕ

ಮಲೆನಾಡಿನ ನಮ್ಮ ತೋಟದಲ್ಲಿ ಅಡಿಕೆ ಮರಗಳಿಗೆ ಹಬ್ಬಿಸಿರುವ ಕಾಳುಮೆಣಸಿನ ಬಳ್ಳಿಗಳಿಗೆ ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರದ ಪುಡಿಯನ್ನು ಹಲವು ವರ್ಷಗಳಿಂದ ಕೊಡುತ್ತಾ ಬಂದಿದ್ದೇನೆ. ಇದು ಸೊರಗು ರೋಗವನ್ನು ತಡೆಯುತ್ತದೆಯೇ ಹೊರತು, ಬುಡ ಕಪ್ಪಾಗಿ ಎಲೆ ಉದುರತೊಡಗಿದ ಬಳ್ಳಿಯನ್ನು ಬದುಕಿಸುವುದಿಲ್ಲ. ರೋಗಕ್ಕೆ ಕಾರಣವಾದ ಫೈಟಾಫ್ತೊರ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ಮಳೆನೀರಿನಲ್ಲಿ ಈಜಿ ಬೇರು ಸೇರುವುದರಿಂದ, ಅದಕ್ಕಿಂತ ಮೊದಲೇ ಟ್ರೈಕೋಡರ್ಮ ಬೇರಿನ ಸುತ್ತ ನೆಲೆಯೂರಿ, ರೋಗಕಾರಕದ ಎಳೆಗಳಿಗೆ ಸುತ್ತಿಕೊಂಡು, ಅವುಗಳ ಕೋಶಭಿತ್ತಿಯನ್ನು ಕಿಣ್ವಗಳಿಂದ ಕರಗಿಸುವಷ್ಟು ಬೆಳೆದಿರಬೇಕು.

ಹಾಗೆ ಬೆಳೆಯುವುದು ಗೊಬ್ಬರದ ರಾಶಿಯಲ್ಲಿ. ಪೊಟ್ಟಣದ ಪುಡಿ ಹಾಲಿಗೆ ಹಾಕುವ ಹೆಪ್ಪಿನಂತೆ. 90 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ, 10 ಕಿಲೋ ಬೇವಿನ ಹಿಂಡಿಗೆ 1ರಿಂದ 2 ಕಿಲೋ ಪುಡಿ ಬೆರೆಸಿ, ಹಿಂಡಿದರೆ ನೀರಿಳಿಯದಷ್ಟು ಮಾತ್ರ ತೇವ ಮಾಡಿ, ನೆರಳಿನಲ್ಲಿ ಗೋಣಿಚೀಲ ಹೊದಿಸಿ, ನಡುವೆ ಒಮ್ಮೆ ಮಗುಚಿ, ಸುಮಾರು 15 ದಿನ ಇಡಬೇಕು. ಬಿಳಿ ಎಳೆಗಳು ಹರಡಿ ಆಮೇಲೆ ಹಸಿರು ಬಣ್ಣ ಕಾಣಿಸಿಕೊಂಡರೆ ಪುಡಿಯಲ್ಲಿ ಜೀವವಿತ್ತೆಂದು ತಿಳಿಯಬಹುದು. ಒಮ್ಮೆ ಅಂಗಡಿಯೊಂದರಿಂದ ತಂದ, ಬಿಸಿಲು ಬೀಳುವ ಕಪಾಟಿನಲ್ಲಿದ್ದ ಪೊಟ್ಟಣದಿಂದ ರಾಶಿಯಲ್ಲಿ ಏನೂ ಹುಟ್ಟಲಿಲ್ಲ. ಅಂದಿನಿಂದ ತಯಾರಿಕೆಯ ದಿನಾಂಕ ನೋಡದೆ ಕೊಳ್ಳುತ್ತಿಲ್ಲ. ರೈತರು ಹಣ ಕೊಟ್ಟು ಕೊಳ್ಳುವ ಜೀವಂತ ವಸ್ತುವನ್ನು ಹೀಗೆ ಇಟ್ಟು ಮಾರುವುದು ನಿಜಕ್ಕೂ ಅನ್ಯಾಯ.

ಈ ಗೊಬ್ಬರವನ್ನು ಮುಂಗಾರು ಹಿಡಿಯುವಾಗ ಬಳ್ಳಿಗೆ ಒಂದೆರಡು ಕಿಲೋದಂತೆ ಬುಡದ ಸುತ್ತ ಹಾಕಿ ಸೊಪ್ಪು ಮುಚ್ಚುತ್ತೇನೆ, ಆಗಸ್ಟ್-ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ. ಬಸಿಗಾಲುವೆ ಚೆನ್ನಾಗಿರುವ ಮೇಲಿನ ಪಟ್ಟೆಯಲ್ಲಿ ಬಳ್ಳಿ ಸಾಯುವುದು ಬಹುತೇಕ ನಿಂತಿದೆ. ನೀರು ನಿಲ್ಲುವ ತಗ್ಗಿನಲ್ಲಿ ಅದೇ ಗೊಬ್ಬರ, ಅದೇ ಪ್ರಮಾಣ ಕೊಟ್ಟರೂ ಅಷ್ಟು ಫಲ ಕಾಣಲಿಲ್ಲ. ಆದ್ದರಿಂದ ಕಾಲುವೆ ತೆಗೆಸುವ ಖರ್ಚನ್ನು ಉಳಿಸಲು ಇದನ್ನು ನೆಚ್ಚಬಾರದು.

ಮೈಲುತುತ್ತ, ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣವನ್ನೂ ಬಿಟ್ಟಿಲ್ಲ. ಅದರಲ್ಲಿರುವ ತಾಮ್ರ ಟ್ರೈಕೋಡರ್ಮಕ್ಕೂ ಮಾರಕವಾದುದರಿಂದ ಶೇ. 1ರ ದ್ರಾವಣವನ್ನು ಎಲೆಗಳಿಗೆ ಸಿಂಪಡಿಸಿ, ಎರಡು ಮೂರು ವಾರ ಕಳೆದ ಮೇಲೆ ಗೊಬ್ಬರ ಹಾಕುತ್ತೇನೆ. ಬುಡಕ್ಕೇ ಔಷಧಿ ಸುರಿಯಬೇಕಾದಲ್ಲಿ ಟ್ರೈಕೋಡರ್ಮದೊಂದಿಗೆ ಹೊಂದಿಕೊಳ್ಳುವ ಪೊಟ್ಯಾಸಿಯಂ ಫಾಸ್ಫೊನೇಟನ್ನು ಶೇ. 0.3ರ ಪ್ರಮಾಣದಲ್ಲಿ ಬಳಸುತ್ತೇನೆ. ಹೊಸದಾಗಿ ಬಳ್ಳಿ ನೆಡುವವರು ಸಸಿ ಚೀಲದ ಮಣ್ಣಿಗೇ ಕಿಲೋಗೆ 1 ಗ್ರಾಂ ಪುಡಿ ಬೆರೆಸಿದರೆ ಬೇರು ತೋಟಕ್ಕೆ ಬರುವಾಗಲೇ ರಕ್ಷಣೆ ಪಡೆದಿರುತ್ತದೆ.