ಚೆರ್ರಿ ಹೂ ನೋಡೋಕೆ ಎಲ್ಲಿಗೆ ಹೋಗೋದು? ವಾಷಿಂಗ್ಟನ್, ಬ್ರೂಕ್ಲಿನ್, ನಮ್ಮ ನೆವಾರ್ಕ್

ಯುಗಾದಿ ಹತ್ತಿರ ಬಂತು ಅಂದರೆ ನ್ಯೂಜೆರ್ಸಿಯ ಕನ್ನಡದವರ ಮಾತಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಚೆರ್ರಿ ಹೂ ನೋಡೋಕೆ ವಾಷಿಂಗ್ಟನ್‌ಗೆ ಹೋಗೋಣವಾ, ಇಲ್ಲೇ ಹತ್ತಿರದಲ್ಲಿ ನೋಡಿದರೆ ಸಾಕಾ? ನಾವಿರುವುದು ಎಡಿಸನ್ ಕಡೆ. ಇಲ್ಲಿಂದ ಮೂರು ದಾರಿ ಇದೆ: ವಾಷಿಂಗ್ಟನ್‌ನ ಟೈಡಲ್ ಬೇಸಿನ್ ಅನ್ನೋ ಕೆರೆಯ ದಡ, ಬ್ರೂಕ್ಲಿನ್ ಬಟಾನಿಕ್ ಗಾರ್ಡನ್, ನೆವಾರ್ಕ್‌ನ ಬ್ರಾಂಚ್ ಬ್ರೂಕ್ ಪಾರ್ಕ್. ಮೂರನ್ನೂ ಬೇರೆ ಬೇರೆ ವರ್ಷ ನೋಡಿದ್ದೇನೆ. ಕೆಲವು ಸಲ ಮಕ್ಕಳ ಜೊತೆ, ಕೆಲವು ಸಲ ಊರಿಂದ ಬಂದ ಅಮ್ಮನ ಜೊತೆ. ನನ್ನ ಮಟ್ಟಿಗೆ ಬ್ರಾಂಚ್ ಬ್ರೂಕೇ ಸರಿ. ಅಂದ ಒಂದೇ ಲೆಕ್ಕಕ್ಕೆ ಬರೋದಾದರೆ ಗೆಲ್ಲೋದು ವಾಷಿಂಗ್ಟನ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಚೆರ್ರಿ ಮರ ಕ್ಯಾಲೆಂಡರ್ ನೋಡಿ ಹೂ ಬಿಡುವುದಿಲ್ಲವಲ್ಲ!

ವಾಷಿಂಗ್ಟನ್‌ನಿಂದಲೇ ಶುರು ಮಾಡೋಣ. 1912ರಲ್ಲಿ ಟೋಕಿಯೋದ ಮೇಯರ್ ಯುಕಿಯೋ ಒಝಾಕಿ ಕಳಿಸಿದ 3,020 ಗಿಡಗಳಿಂದ ಬೆಳೆದ ಸಂಭ್ರಮ ಇದು. ಅದಕ್ಕೂ ಮೊದಲು, 1910ರಲ್ಲಿ, 2,000 ಗಿಡ ಬಂದಿದ್ದವು. ಅವಕ್ಕೆ ಹುಳ, ರೋಗ ಹತ್ತಿದೆ ಅಂತ ಎಲ್ಲವನ್ನೂ ಸುಟ್ಟುಹಾಕಿದರು. ಕಾಣಿಕೆಯಾಗಿ ಬಂದದ್ದನ್ನು ಸುಟ್ಟರೂ ಜಪಾನಿನವರು ಮುನಿಸಿಕೊಳ್ಳದೆ ಮತ್ತೆ ಕಳಿಸಿದರು ನೋಡಿ. ಈಗ ಅಲ್ಲಿ ಹೆಚ್ಚಾಗಿರುವುದು ಯೋಶಿನೋ ಅನ್ನೋ ಬಗೆ. ಐದೇ ಎಸಳು, ಬಣ್ಣ ಹೆಚ್ಚು ಕಡಿಮೆ ಬಿಳಿ, ಬುಡದಲ್ಲಿ ಮಾತ್ರ ಸ್ವಲ್ಪ ಗುಲಾಬಿ. ನೀರಿನ ಸುತ್ತ ಇಷ್ಟೂ ಮರ ಒಟ್ಟಿಗೆ ಅರಳಿ, ಆಚೆ ದಡದಲ್ಲಿ ಜೆಫರ್ಸನ್ ಸ್ಮಾರಕ ಕಾಣುವಾಗ ಬಾಯಿ ಕಟ್ಟಿಹೋಗುತ್ತದೆ. ಇಂಥ ನೋಟ ಉಳಿದ ಎರಡು ಕಡೆ ಸಿಗುವುದಿಲ್ಲ.

ತೊಂದರೆ ಇರುವುದು ದಿನಾಂಕದಲ್ಲಿ. ಯೋಶಿನೋ ಹೂಗಳಲ್ಲಿ ನೂರಕ್ಕೆ 70 ಅರಳಿದ ದಿನವನ್ನು ಅಲ್ಲಿನ ನ್ಯಾಷನಲ್ ಪಾರ್ಕ್ ಸರ್ವಿಸ್‌ನವರು 'ಪೀಕ್ ಬ್ಲೂಮ್' ಅಂತ ಸಾರುತ್ತಾರೆ. ಅದು 1990ರಲ್ಲಿ ಮಾರ್ಚ್ 15ಕ್ಕೇ ಬಂದಿತ್ತು. 1958ರಲ್ಲಿ ಏಪ್ರಿಲ್ 18ರವರೆಗೆ ಕಾಯಿಸಿತ್ತು. ಸಾಮಾನ್ಯವಾಗಿ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ. ಮೊಗ್ಗು ಉಬ್ಬಿ ಬೆಳ್ಳಗಾದ ಮೇಲೆ ನಾಲ್ಕರಿಂದ ಆರು ದಿನದಲ್ಲಿ ಪೂರ್ತಿ ಅರಳುತ್ತದೆ. ಅಂದರೆ ಖಚಿತವಾಗಿ ಗೊತ್ತಾಗೋದೇ ಆ ವಾರ. ಅಷ್ಟು ಹೊತ್ತಿಗೆ ಹೋಟೆಲ್ ಬಾಡಿಗೆ ಆಕಾಶಕ್ಕೆ ಏರಿರುತ್ತದೆ. ಮೊದಲೇ ಬುಕ್ ಮಾಡಿದರೆ ಅದೃಷ್ಟದ ಆಟ. ನಾವು ಒಮ್ಮೆ ಹೋದಾಗ ಹಿಂದಿನ ರಾತ್ರಿಯೇ ಜೋರು ಗಾಳಿ ಮಳೆ. ಅರ್ಧ ಹೂ ನೆಲದಲ್ಲಿತ್ತು. ಎಡಿಸನ್‌ನಿಂದ ಸುಮಾರು 200 ಮೈಲಿ, ಟ್ರಾಫಿಕ್ ಇಲ್ಲದಿದ್ದರೂ ಮೂರೂವರೆ ನಾಲ್ಕು ಗಂಟೆ. ಅಷ್ಟು ದೂರ ಹೋದ ಮೇಲೆ 'ನಾಡಿದ್ದು ಬರ್ತೀನಿ' ಅನ್ನೋಕಾಗಲ್ಲ. ಇನ್ನೊಂದು ವಿಷಯ: ಬೇಸಿನ್ನಿನ ತಡೆಗೋಡೆ ಕುಸಿಯುತ್ತಿತ್ತು ಅಂತ 2024ರಲ್ಲಿ ರಿಪೇರಿ ಶುರುವಾಗಿ ನೂರಕ್ಕೂ ಹೆಚ್ಚು ಚೆರ್ರಿ ಮರ ಕಡಿದರು. ಟೊಳ್ಳು ಕಾಂಡದ ಮೇಲೂ ಹೂ ಬಿಟ್ಟು ಎಲ್ಲರ ಮುದ್ದಿನ ಮರವಾಗಿದ್ದ 'ಸ್ಟಂಪಿ'ಯೂ ಅದರಲ್ಲೇ ಹೋಯಿತು.

ಬ್ರೂಕ್ಲಿನ್ ಬಟಾನಿಕ್ ಗಾರ್ಡನ್‌ನ ಕಥೆ ಬೇರೆ. ಅಲ್ಲಿಗೆ ಜನ ಹೋಗುವುದು ಮುಖ್ಯವಾಗಿ 'ಕಾನ್ಜಾನ್' ಅನ್ನೋ ಬಗೆಗಾಗಿ. ಯೋಶಿನೋ ಮುಗಿದು ಎರಡು ವಾರದ ಮೇಲೆ, ಏಪ್ರಿಲ್ ಕೊನೆಯ ಹೊತ್ತಿಗೆ ಅರಳುತ್ತದೆ. ಒಂದೊಂದು ಹೂವಿಗೂ ಇಪ್ಪತ್ತಕ್ಕಿಂತ ಜಾಸ್ತಿ ಎಸಳು, ಗಾಢ ಗುಲಾಬಿ ಬಣ್ಣ. ಕೈಗೆ ತಗೊಂಡರೆ ಪುಟ್ಟ ಸೇವಂತಿಗೆ ಹಿಡಿದ ಹಾಗಿರುತ್ತದೆ. ಹುಲ್ಲುಹಾಸಿನ ಎರಡೂ ಕಡೆ ಸಾಲು ಮರಗಳು. 1915ರಲ್ಲಿ ತೆರೆದ ಜಪಾನಿ ತೋಟವೂ ಒಳಗೇ ಇದೆ. ಟಕೆಯೋ ಶಿಯೋಟಾ ರೂಪಿಸಿದ್ದು. ಕೊಳ, ಕೆಂಪು ತೋರಣಗಂಬ, ನೀರಿನ ಕಡೆ ಜೋತುಬೀಳುವ ಚೆರ್ರಿ ಕೊಂಬೆ. ಶುಚಿ, ಶೌಚಾಲಯ, ಕೂರೋಕೆ ಬೆಂಚು, ಎಲ್ಲದರಲ್ಲೂ ಮೂರರಲ್ಲಿ ಇದೇ ಮೇಲು.

ಆದರೆ ಟಿಕೆಟ್ ಇದೆ, ದೊಡ್ಡವರಿಗೆ ತಲೆಗೆ 20 ಡಾಲರ್ ಆಸುಪಾಸು. ವಾರಾಂತ್ಯಕ್ಕೆ ಆನ್‌ಲೈನ್‌ನಲ್ಲಿ ಮೊದಲೇ ತಗೊಂಡಿರಬೇಕು. ಕಾರಲ್ಲಿ ಹೋದರೆ ಗೋಥಲ್ಸ್ ಸೇತುವೆಗೊಂದು ಟೋಲ್, ವೆರಝಾನೋಗೊಂದು ಟೋಲ್. ಆಮೇಲೆ ಪಾರ್ಕಿಂಗ್ ಹುಡುಕಾಟ. ರೈಲೇ ವಾಸಿ: ನ್ಯೂಯಾರ್ಕ್ ಪೆನ್ ಸ್ಟೇಷನ್‌ನಲ್ಲಿ ಇಳಿದು 2 ಅಥವಾ 3ನೇ ನಂಬರಿನ ಸಬ್‌ವೇ ಹತ್ತಿದರೆ ಈಸ್ಟರ್ನ್ ಪಾರ್ಕ್‌ವೇವರೆಗೆ ಬದಲಾಯಿಸೋ ತಾಪತ್ರಯ ಇಲ್ಲ. ಬುತ್ತಿ ಬಿಚ್ಚಿ ಊಟಕ್ಕೆ ಕೂರೋ ಜಾಗ ಮಾತ್ರ ಅದಲ್ಲ. ಚಿತ್ರಾನ್ನದ ಡಬ್ಬಿ ಇಲ್ಲದೆ ಮನೆ ಬಿಡದ ನಮ್ಮಂಥವರಿಗೆ ಅದೊಂದು ಕೊರತೆಯೇ.

ಇನ್ನು ನೆವಾರ್ಕ್. ಹೆಸರು ಕೇಳಿದರೆ ಎಷ್ಟೋ ಜನಕ್ಕೆ ಏರ್‌ಪೋರ್ಟ್ ಬಿಟ್ಟು ಇನ್ನೇನೂ ನೆನಪಾಗಲ್ಲ. ಅಲ್ಲಿ ವಾಷಿಂಗ್ಟನ್‌ಗಿಂತ ಜಾಸ್ತಿ ಚೆರ್ರಿ ಮರಗಳಿವೆ ಅಂದರೆ ಸುಮ್ನೆ ಹೇಳ್ತಾರೆ ಅಂದುಕೊಳ್ಳುತ್ತಾರೆ. ನಿಜವಾಗಿಯೂ ಇವೆ. 5,000ಕ್ಕೂ ಹೆಚ್ಚು ಮರ, 18 ಬಗೆ. 1927ರಲ್ಲಿ ಕ್ಯಾರೊಲಿನ್ ಬ್ಯಾಂಬರ್ಗರ್ ಫುಲ್ಡ್ ಅನ್ನೋ ಹೆಣ್ಣುಮಗಳು 2,000 ಗಿಡ ಕೊಟ್ಟು ಶುರು ಮಾಡಿದ್ದು. ಅವರ ಅಣ್ಣ ಲೂಯಿಸ್ ಬ್ಯಾಂಬರ್ಗರ್ ನೆವಾರ್ಕ್‌ನಲ್ಲಿ ದೊಡ್ಡ ಅಂಗಡಿ ಇಟ್ಟಿದ್ದವರು. ಐನ್‌ಸ್ಟೈನ್ ಕೆಲಸ ಮಾಡಿದ ಪ್ರಿನ್ಸ್‌ಟನ್ನಿನ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್ಡ್ ಸ್ಟಡಿಗೆ 1930ರಲ್ಲಿ ದುಡ್ಡು ಕೊಟ್ಟದ್ದೂ ಇದೇ ಅಣ್ಣ ತಂಗಿ.

ಬಗೆ ಜಾಸ್ತಿ ಇರೋದರ ಲಾಭ ಏನಂದರೆ ಒಂದು ಉದುರುವಾಗ ಇನ್ನೊಂದು ಅರಳುತ್ತಿರುತ್ತದೆ. ಏಪ್ರಿಲ್ ತಿಂಗಳಲ್ಲಿ ಯಾವಾಗ ಹೋದರೂ ಏನಾದರೊಂದು ಸಿಗುತ್ತದೆ. ಪ್ರವೇಶ ಪುಕ್ಕಟೆ. ನಮ್ಮ ಮನೆಯಿಂದ ಮುಕ್ಕಾಲು ಗಂಟೆ. ಬುಧವಾರ ಯಾರೋ ಫೋಟೋ ಕಳಿಸಿದರು ಅಂದರೆ ಗುರುವಾರ ಸಂಜೆ ಆಫೀಸ್ ಮುಗಿಸಿ ಹೋಗಿಬರಬಹುದು. ಮಳೆ ಬಂದರೆ ಮುಂದಿನ ವಾರ. ವಾಷಿಂಗ್ಟನ್‌ಗೆ ಈ ಸ್ವಾತಂತ್ರ್ಯ ಇಲ್ಲ, ಅಲ್ವಾ?

ಒಂದು ಕಿವಿಮಾತು. ಈ ಪಾರ್ಕು ಅಗಲ ಕಡಿಮೆ, ಉದ್ದ ಜಾಸ್ತಿ, ಸುಮಾರು ನಾಲ್ಕು ಮೈಲಿ. ದಕ್ಷಿಣದ ತುದಿಯಲ್ಲಿ ಕೆರೆ ಇದೆ, ದೊಡ್ಡ ಕ್ಯಾಥೆಡ್ರಲ್‌ನ ಗೋಪುರ ಕಾಣುತ್ತದೆ. ಫೋಟೋಗೆ ಚೆನ್ನ. ಆದರೆ ಮರಗಳು ಒತ್ತಾಗಿರುವುದು ಉತ್ತರದಲ್ಲಿ, ಬೆಲ್‌ವಿಲ್ ಕಡೆ. ದಕ್ಷಿಣದಲ್ಲಿ ಇಳಿದು 'ಇಷ್ಟೇನಾ?' ಅಂತ ವಾಪಸ್ ಬಂದವರನ್ನು ಕಂಡಿದ್ದೇನೆ. ನೆವಾರ್ಕ್ ಪೆನ್ ಸ್ಟೇಷನ್‌ನಿಂದ ಲೈಟ್ ರೈಲ್ ಹತ್ತಿ ಬ್ರಾಂಚ್ ಬ್ರೂಕ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಿರಿ, ಅಲ್ಲಿಂದ ಉತ್ತರಕ್ಕೆ ನಡೆಯಿರಿ. ಆ ರೈಲು ಓಡುವುದು ಹಳೇ ಮೋರಿಸ್ ಕಾಲುವೆಯ ಪಾತ್ರದಲ್ಲಿ. ನೀರು ಹೋಗಿ ಹಳಿ ಬಂದಿದೆ. ಭಾನುವಾರ ಕಾರು ತರೋದು ಬೇಡ, ಅದರಲ್ಲೂ 'ಬ್ಲೂಮ್‌ಫೆಸ್ಟ್' ಅನ್ನೋ ಹೂವಿನ ಹಬ್ಬದ ದಿನ ಬೇಡವೇ ಬೇಡ.

ಇಲ್ಲಿನ ಜನವೂ ನನಗೆ ಇಷ್ಟ. ಸುತ್ತಮುತ್ತ ಲ್ಯಾಟಿನ್ ಅಮೆರಿಕದ ಕುಟುಂಬಗಳು ಬಹಳ. ಹದಿನೈದು ತುಂಬಿದ ಹುಡುಗಿಯರನ್ನು ಸಿಂಗರಿಸಿ ಫೋಟೋ ತೆಗೆಸೋಕೆ ಕರೆತರುತ್ತಾರೆ. ಒಂದು ಹುಡುಗಿ ನೀಲಿ ಗೌನಲ್ಲಿ ಮರದ ಕೆಳಗೆ ನಿಂತಿದ್ದಳು. ಕೆಸರು ತಾಗದ ಹಾಗೆ ಅವಳಮ್ಮ ಹಿಂದಿನಿಂದ ಗೌನಿನ ಅಂಚು ಎತ್ತಿ ಹಿಡಿದಿದ್ದರು. ಗೌನಿನ ಕೆಳಗೆ ಬಿಳಿ ಸ್ನೀಕರ್ಸ್! ನಮ್ಮಮ್ಮ ಮೊಸರನ್ನದ ಚಮಚ ಹಿಡಿದುಕೊಂಡೇ, "ಮದುವೆ ಹುಡುಗಿಯೇನೋ? ಇಷ್ಟು ಚಿಕ್ಕವಳು?" ಅಂತ ಗಾಬರಿಯಾದರು. ಹದಿನೈದನೇ ಹುಟ್ಟುಹಬ್ಬ ಅವರಿಗೆ ದೊಡ್ಡ ಹಬ್ಬ ಅಂತ ಹೇಳಿದ ಮೇಲೆ ಸಮಾಧಾನ.

ಅಮ್ಮನದು ಇನ್ನೊಂದು ತಕರಾರಿತ್ತು. "ಇದನ್ನ ನೋಡೋಕೆ ಇಷ್ಟು ದೂರ ಬರಬೇಕಾ? ನಮ್ಮ ಜಯನಗರದಲ್ಲೇ ಇದೆಯಲ್ಲೋ ಗುಲಾಬಿ ಹೂವಿನ ಮರ." ಬೆಂಗಳೂರಿನದು ಟಬೆಬುಯಾ, ಅದೂ ಅಮೆರಿಕ ಖಂಡದಿಂದಲೇ ಬಂದದ್ದು, ಆದರೆ ಚೆರ್ರಿಗೆ ನೆಂಟಸ್ತಿಕೆ ಇಲ್ಲ. ಟಬೆಬುಯಾ ಹೂವು ತುತ್ತೂರಿ ಆಕಾರದ್ದು, ಇಡಿಯಾಗಿ ಉದುರುತ್ತದೆ. ಯೋಶಿನೋ ಎಸಳೆಸಳಾಗಿ ಬೀಳುತ್ತದೆ, ಪ್ರತಿ ಎಸಳಿನ ತುದಿಯಲ್ಲೂ ಸಣ್ಣ ಸೀಳು. ತೊಗಟೆ ಮೇಲೆ ಅಡ್ಡಡ್ಡ ಗೀರು. ಕೆಲವು ಮುದಿ ಮರಗಳಲ್ಲಿ ದಪ್ಪ ಕಾಂಡದಿಂದಲೇ ನೇರ ಹೂಗೊಂಚಲು ಹೊರಟಿರುತ್ತದೆ. ಅದನ್ನು ತೋರಿಸಿದ ಮೇಲೆ ಅಮ್ಮ ಕನ್ನಡಕ ಸರಿ ಮಾಡಿಕೊಂಡು, ಪ್ರತಿ ಮರದ ಬುಡಕ್ಕೂ ಹೋಗಿ ನೋಡೋಕೆ ಶುರು ಮಾಡಿದರು.

ಬ್ರಾಂಚ್ ಬ್ರೂಕ್‌ನಲ್ಲಿ ಕೊರತೆ ಇಲ್ಲ ಅಂತಲ್ಲ. ಇಷ್ಟುದ್ದದ ಪಾರ್ಕಿನಲ್ಲಿ ಶೌಚಾಲಯಕ್ಕೆ ದೂರ ನಡೆಯಬೇಕಾಗಬಹುದು. ವಯಸ್ಸಾದವರಿದ್ದರೆ ಮೊದಲೇ ಯೋಚಿಸಿ. ಮಳೆ ಬಂದ ಮಾರನೇ ದಿನ ಹುಲ್ಲೆಲ್ಲ ಕೆಸರು, ಚಾಪೆ ಕೆಳಗೆ ಹಾಕೋಕೆ ಪ್ಲಾಸ್ಟಿಕ್ ಹಾಳೆ ಬೇಕು.

ಊರಿಂದ ಬರೋ ಅಪ್ಪ ಅಮ್ಮನ ವಿಮಾನದ ಟಿಕೆಟ್ ಏಪ್ರಿಲ್ 20ರ ಮೇಲಿದ್ದರೆ ಯೋಶಿನೋ ಆಸೆ ಬಿಡಿ, ಕಾನ್ಜಾನ್‌ಗೆ ಕಾಯಿರಿ. ನೆವಾರ್ಕ್‌ನಲ್ಲೂ ಇದೆ, ಬ್ರೂಕ್ಲಿನ್‌ನಲ್ಲೂ ಇದೆ. ಮಂಡಿ ನೋವಿನವರಿದ್ದರೆ ಆಗ ಬ್ರೂಕ್ಲಿನ್ನೇ ಮೇಲು, ದುಡ್ಡು ಹೋದರೂ ಸರಿ. ವಾಷಿಂಗ್ಟನ್ ನೋಡಲೇಬೇಕು ಅನ್ನೋರು ದುಡ್ಡು ವಾಪಸ್ ಸಿಗೋ ಬುಕಿಂಗ್ ಮಾಡಿ. ವಾರದ ನಡುವೆ, ಸೂರ್ಯ ಹುಟ್ಟೋ ಹೊತ್ತಿಗೆ ಬೇಸಿನ್ ಹತ್ತಿರ ಇರಿ. ಹತ್ತು ಗಂಟೆಗೆ ಜನ ಸೇರುವಷ್ಟರಲ್ಲಿ ಸ್ಮಿತ್ಸೋನಿಯನ್ ಮ್ಯೂಸಿಯಂಗಳ ಬಾಗಿಲು ತೆರೆದಿರುತ್ತದೆ. ಅವಕ್ಕೂ ದುಡ್ಡು ಕೊಡಬೇಕಿಲ್ಲ.