ಕೊಡಗಿನ ಮಳೆಗೆ ಯಾವ ಪಾಲಿಶ್? ಗಿಟಾರಿಗೆ ಅರಗು, ಎನ್‌ಸಿ, ಪಿಯು ಹಚ್ಚಿ ನೋಡಿದ್ದು

ಅಕೂಸ್ಟಿಕ್ ಗಿಟಾರಿನ ಪಾಲಿಶ್ ಬಗ್ಗೆ ಮಾತು ಶುರುವಾದರೆ ಎಲ್ಲರೂ ನಾದದ ವಿಷಯಕ್ಕೇ ಬರುತ್ತಾರೆ. ಮಡಿಕೇರಿಯಲ್ಲಿ ಗಿಟಾರ್ ರಿಪೇರಿ ಮಾಡುವ ನನಗೆ ಅದಕ್ಕಿಂತ ಮೊದಲು ಬೇರೆ ಚಿಂತೆ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ ಯಾವುದು ಸರಿಯಾಗಿ ಒಣಗುತ್ತದೆ, ಕೆಟ್ಟರೆ ಯಾವುದನ್ನು ಇಲ್ಲೇ ಸರಿಮಾಡಬಹುದು? ಮುಂದೆ ಸ್ಪ್ರೂಸ್ ಹಲಗೆ, ಹಿಂದೆ ಬೀಟೆ ಇರುವ ಗಿಟಾರ್‌ಗಳಿಗೆ ಮೂರನ್ನೂ ಹಚ್ಚಿ ನೋಡಿದ್ದೇನೆ.

ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್, ನೋಡಲು ಬಲು ಚೆಂದ. ಹೊಸ ಕೋಟು ಹಳೆಯದನ್ನು ಕರಗಿಸಿಕೊಂಡು ಒಂದೇ ಪದರವಾಗುತ್ತದೆ, ಹಾಗಾಗಿ ಗೀರು ಬಿದ್ದರೆ ಗುರುತು ಉಳಿಯದಂತೆ ಮುಚ್ಚಬಹುದು. ತೊಂದರೆ ಇರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂತು, ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿಚಿಕೊಳ್ಳುತ್ತದೆ. ನಿಧಾನವಾಗಿ ಆರುವ ರಿಟಾರ್ಡರ್ ಬೆರೆಸಿದರೆ ಸ್ವಲ್ಪ ತಡೆಯುತ್ತದೆ, ಜುಲೈ, ಆಗಸ್ಟ್ ನಡುವಿನ ಕಕ್ಕಡ ತಿಂಗಳ ಮಳೆಯಲ್ಲಿ ಅದೂ ಸಾಲದು. ಬೇಗ ಒಣಗಲೆಂದು ಒಲೆಯ ಹತ್ತಿರ ಮಾತ್ರ ಯಾರೂ ಇಡಬೇಡಿ, ಆ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಕಾಫಿ ಕೊಯ್ಲಿನ ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ ಹೊಡೆದು, ಕೆಲವು ವಾರ ಬಿಟ್ಟು ಉಜ್ಜಿದರೆ ಮಾತ್ರ ಇದು ತನ್ನ ನಿಜರೂಪ ತೋರಿಸುತ್ತದೆ. ರಬ್ಬರ್ ಸ್ಟ್ಯಾಂಡಿಗೆ ಒರಗಿಸಿಟ್ಟರೆ ಅಂಟಿಕೊಂಡು ಕಲೆಯಾಗುತ್ತದೆ, ಅದೂ ನೆನಪಿರಲಿ.

ನನ್ನ ಒಲವು ಅರಗಿನ ಕಡೆಗೆ. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವುದೂ ಇದೇ ಅರಗು. ಅಲ್ಲಿ ತಿರುಗುವ ಮರಕ್ಕೆ ಒತ್ತಿ ಬಿಸಿಯಲ್ಲಿ ಕರಗಿಸುತ್ತಾರೆ, ಇಲ್ಲಿ ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ತೆಳ್ಳಗೆ ತಿಕ್ಕುತ್ತೇವೆ. ಸ್ಪೇನಿನ ಕ್ಲಾಸಿಕಲ್ ಗಿಟಾರ್ ಕಟ್ಟುವವರು ಹಿಂದಿನಿಂದಲೂ ನೆಚ್ಚಿಕೊಂಡ ದಾರಿ ಇದು. ಸ್ಪ್ರೇ ಗನ್ ಬೇಡ, ಕಂಪ್ರೆಸರ್ ಬೇಡ. ಮಳೆಗಾಲದಲ್ಲಿ ಇದೂ ಮಂಕಾಗುತ್ತದೆ, ಆದರೆ ಒಣ ದಿನ ಬಂದಾಗ ಸ್ಪಿರಿಟ್ ಉಂಡೆಯಿಂದ ನಯವಾಗಿ ತಿಕ್ಕಿದರೆ ತಿಳಿಯಾಗುತ್ತದೆ. ಕರಗಿಸಿದ ಅರಗನ್ನು ತಿಂಗಳುಗಟ್ಟಲೆ ಇಡಬಾರದು, ಹಳೆಯದಾದರೆ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಬಲಗೈ ಊರುವ ಜಾಗದಲ್ಲಿ ಬೆವರಿಗೆ ಬೇಗ ಸವೆಯುತ್ತದೆ, ಮದ್ಯದ ಒಂದು ಹನಿ ಬಿದ್ದರೂ ಕಲೆ. ಮದುವೆ ಮನೆಯಲ್ಲಿ ನುಡಿಸುವವರಿಗೆ ನಾನಿದನ್ನು ಹೇಳುವುದಿಲ್ಲ.

ಅವರಿಗೆ ಪಿಯು, ಅಂದರೆ ಪಾಲಿಯುರೆಥೇನ್, ಸರಿ. ಬೆವರು, ಉಗುರು, ಮದ್ಯ ಎಲ್ಲಕ್ಕೂ ತಡೆದುಕೊಳ್ಳುತ್ತದೆ. ಆದರೆ ಕೋಟುಗಳು ಒಂದರಲ್ಲೊಂದು ಕರಗಿ ಬೆರೆಯುವುದಿಲ್ಲ. ಚಕ್ಕೆ ಎದ್ದರೆ ಸೂಪರ್ ಗ್ಲೂ ತುಂಬಿ ಉಜ್ಜಬೇಕು, ಗುರುತು ಉಳಿದೇ ಉಳಿಯುತ್ತದೆ. ಅದರ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಬರೀ ಬಟ್ಟೆಯ ಮಾಸ್ಕ್ ಅದನ್ನು ತಡೆಯದು. ತೇವದ ಗಾಳಿಯಲ್ಲಿ ಅದೇ ಐಸೊಸಯನೇಟ್ ನೀರಿನೊಡನೆ ಸೇರಿ ಸಣ್ಣ ಗುಳ್ಳೆ ಎಬ್ಬಿಸುತ್ತದೆ.

ನಾದದ ಮಾತಿಗೆ ಬಂದರೆ, ಯಾವುದನ್ನು ಹಚ್ಚಿದಿರಿ ಅನ್ನುವುದಕ್ಕಿಂತ ಎಷ್ಟು ದಪ್ಪ ಹಚ್ಚಿದಿರಿ ಅನ್ನುವುದೇ ನನ್ನ ಕಿವಿಗೆ ಹೆಚ್ಚು ತಿಳಿದಿದೆ. ಮುಂಬದಿಯ ಹಲಗೆ ಹಗುರಾಗಿ ಅದುರಬೇಕು. ಅದಕ್ಕೇ ನಾನೀಗ ಸ್ಪ್ರೂಸ್‌ಗೆ ಅರಗು, ಹೊಟ್ಟೆಗೂ ಅಂಗೈಗೂ ತಾಗುವ ಹಿಂಬದಿ ಮತ್ತು ಕತ್ತಿಗೆ ಪಿಯು ಹಾಕುತ್ತೇನೆ. ಬೀಟೆಯ ರಂಧ್ರಗಳನ್ನು ಫಿಲ್ಲರ್‌ನಿಂದ ತುಂಬಿ, ಮೇಣ ತೆಗೆದ ಅರಗಿನ ಒಂದು ತೆಳು ಕೋಟು ಕೊಟ್ಟರೆ ಪಿಯು ಅದರ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಮೇಣವಿರುವ ಅರಗಾದರೆ ಸುಲಿದುಬರುತ್ತದೆ.

ದಪ್ಪ ಪಿಯು ಹೊಡೆಸಿದರೆ ಮಳೆಗಾಲದ ಚಿಂತೆ ಇಲ್ಲ ಎಂದು ಕೇಳಿಕೊಂಡು ಬರುವವರಿದ್ದಾರೆ. ಆದರೆ ಗಿಟಾರಿನ ಒಳಮೈಗೆ ಸಾಮಾನ್ಯವಾಗಿ ಯಾವ ಪಾಲಿಶೂ ಇರುವುದಿಲ್ಲ. ಅಲ್ಲಿಂದ ತೇವ ಹೀರಿದ ಹಲಗೆ ಉಬ್ಬಿ, ತಂತಿ ಮೇಲೆದ್ದು, ಬೆರಳು ನೋಯುತ್ತದೆ. ಕೇಸಿನೊಳಗೆ ತೇವಮಾಪಕ ಇಡಿ, ಶೇಕಡಾ 45ರಿಂದ 55ರ ನಡುವೆ ಇದ್ದರೆ ಒಳ್ಳೆಯದು. 60 ದಾಟಿದರೆ ಸಿಲಿಕಾ ಜೆಲ್ ಹಾಕಿ, ಅದು ತೇವ ಕುಡಿದು ತುಂಬಿದ ಮೇಲೆ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಿ.