ಮೇಲೇರಿ ಒತ್ತೋ ಆಟವೋ, ಕಾದು ಹೊಡೆಯೋ ಆಟವೋ?

ಈ ಸೀಸನ್‌ಗೆ 4-3-3 (ನಾಲ್ವರು ಡಿಫೆಂಡರು, ಮೂವರು ಮಿಡ್‌ಫೀಲ್ಡರು, ಮುಂದೆ ಮೂವರು) ಇಟ್ಟು ಎದುರಾಳಿಯ ಅರ್ಧದಲ್ಲೇ ಚೆಂಡು ಕಸಿಯಬೇಕೋ, 4-4-2 ಇಟ್ಟು ಹಿಂದೆ ನಿಂತು ಎದುರೇಟು ಕೊಡಬೇಕೋ ಅಂತ ಮೈಸೂರಿನ ಫುಟ್‌ಬಾಲ್ ಗೆಳೆಯರು ಕೇಳಿದ್ದಾರೆ.

ಮೊದಲು ದಮ್ಮಿನ ಮಾತು. ಒತ್ತಡದ ಆಟಕ್ಕೆ ಮುಂದಿನ ಮೂವರು ಓಡಿದರೆ ಸಾಲದು, ಬೆನ್ನಿಗೇ ಮಿಡ್‌ಫೀಲ್ಡೂ ಡಿಫೆನ್ಸೂ ಏರಬೇಕು. ಮುಂದೆ ಅಂಚಲ್ಲಿ ಆಡೋ ವಿಂಗರ್ ನುಗ್ಗಿದಾಗ, ಅದೇ ಅಂಚಿನ ಡಿಫೆಂಡರ್ ಅಂದರೆ ಫುಲ್‌ಬ್ಯಾಕ್ ನಿಂತಲ್ಲೇ ನಿಂತರೆ, ಇಬ್ಬರ ನಡುವಿನ ಖಾಲಿ ಜಾಗಕ್ಕೆ ಬಿದ್ದ ಒಂದೇ ಪಾಸು ಇಡೀ ತಂಡವನ್ನ ದಾಟಿಬಿಡುತ್ತೆ. ಏಪ್ರಿಲ್ ಬಿಸಿಲಲ್ಲಿ, ಗಟ್ಟಿ ಮಣ್ಣಿನ ಮೈದಾನದಲ್ಲಿ, 60ನೇ ನಿಮಿಷದ ಮೇಲೆ ಕಾಲು ಸೋತಾಗ ಆಗೋದೇ ಇದು. 4-4-2ಗೆ ಓಟ ಕಮ್ಮಿ, ಶಿಸ್ತು ಜಾಸ್ತಿ. ಆದರೆ ಮೊದಲ ಗೋಲು ಬಿಟ್ಟುಕೊಟ್ಟರೆ ಕಾಯೋಕೆ ಅರ್ಥವೇ ಇಲ್ಲ.

ಆಟಗಾರರನ್ನ ತರುವಾಗಲೂ ಲೆಕ್ಕ ಬೇರೆ. 4-3-3ಗೆ ವೇಗದ ಸೆಂಟರ್‌ಬ್ಯಾಕ್ (ನಡುವಿನ ಡಿಫೆಂಡರ್), ಗೋಲು ಬಿಟ್ಟು ಮುಂದೆ ಬರೋ ಧೈರ್ಯದ ಕೀಪರ್ ಬೇಕೇ ಬೇಕು. ಇವರು ಸುಲಭಕ್ಕೆ ಸಿಗಲ್ಲ. 4-4-2ಗೆ ಹೆಡರ್ ಬಲ್ಲ ಡಿಫೆಂಡರು, ಚೆಂಡು ಕಸಿಯೋ ಒಬ್ಬ ಮಿಡ್‌ಫೀಲ್ಡರ್, ಓಟಗಾರ ಸ್ಟ್ರೈಕರ್ ಸಾಕು. ಇಂಗ್ಲೆಂಡಿನ ಲೆಸ್ಟರ್ ಕ್ಲಬ್ 2015ರಲ್ಲಿ ಮಿಡ್‌ಫೀಲ್ಡರ್ ಕಾಂಟೆಯನ್ನ ತಂದು, ಮುಂದೆ ಸ್ಟ್ರೈಕರ್ ವಾರ್ಡಿಯನ್ನ ಓಡಿಸಿ, 2015-16ರ ಪ್ರೀಮಿಯರ್ ಲೀಗ್ ಗೆದ್ದದ್ದು ಹೀಗೇ.

ಕಾರ್ನರ್ ಅಭ್ಯಾಸ ಎರಡಕ್ಕೂ ಬೇಕು. 2018-19ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಅನ್ನ ಬೆಂಗಳೂರು ಎಫ್‌ಸಿ ಗೆದ್ದದ್ದು ರಾಹುಲ್ ಭೆಕೆ ಕಾರ್ನರ್‌ಗೆ ಕೊಟ್ಟ ಹೆಡರ್‌ನಿಂದ.

ವಾರಕ್ಕೆ ನಾಲ್ಕು ದಿನ ಪ್ರಾಕ್ಟೀಸು, ಬೆಂಚಲ್ಲಿ ಐದು ಗಟ್ಟಿ ಆಳು ಇದ್ದರೆ 4-3-3 ಹಿಡೀರಿ. ಕೆಲಸ ಮುಗಿಸಿ ಬರೋ ಹುಡುಗರ ತಂಡ, ಭಾನುವಾರಕ್ಕಷ್ಟೇ ಎಲ್ಲರೂ ಸೇರೋದು ಅಂದರೆ 4-4-2.